ಮಾಳಿಗೆ ಮೇಲಿನ ಹಾಟ್‌ಸ್ಪಾಟ್

ಶಿಸ್ತಿನವರ ಸುತ್ತಲೇ ನಗೆಪಾಟಲಿನ ಪ್ರಸಂಗಗಳು ಹೆಚ್ಚು ನಡೆಯುತ್ತವೆ ಎಂಬುದು ನನ್ನ ಅನುಭವ. ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು ನಾನು. ಸಾಲು ತಪ್ಪಿ ನಿಂತವರನ್ನು ಈಗಲೂ ಸಹಿಸಲಾರೆ. ಹುಕ್ಕೇರಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಮುಖ್ಯಾಧ್ಯಾಪಕಿಯಾಗಿದ್ದೆ. ಆ ಶಾಲೆಗೆ ಈಗ ತಂತಿ ಎಳೆದು ಇಂಟರ್ನೆಟ್ ಕೊಟ್ಟಿದ್ದಾರಂತೆ. ಒಳ್ಳೆಯದೇ. ಆದರೂ ನಾವು ರೇಂಜ್ ಹುಡುಕಿ ಹತ್ತುತ್ತಿದ್ದ ಆ ಮಾಳಿಗೆ ಖಾಲಿ ಬಿದ್ದಿರಬೇಕು ಎನಿಸಿದಾಗ ಮನಸ್ಸಿಗೆ ಒಂದು ಥರ ಆಗುತ್ತದೆ.

ಮಾತಾಡಬ್ಯಾಡ

ಶಾಲೆಗೆ ಲ್ಯಾಪ್‌ಟಾಪ್ ಬಂದಿತ್ತು, ಇಂಟರ್ನೆಟ್ ಬಂದಿರಲಿಲ್ಲ. ಫೋನಿಗೆ ರೇಂಜ್ ಸಿಗುತ್ತಿದ್ದುದು ಮಾಳಿಗೆಯ ಮೇಲೆ ಮಾತ್ರ. ಆದ್ದರಿಂದ ನನ್ನ ಫೋನಿನಲ್ಲಿ ಹಾಟ್‌ಸ್ಪಾಟ್ ಹಚ್ಚಿ, ಶಾಲೆಯ ಆಯಾಳ ಕೈಯಲ್ಲಿ ಕೊಟ್ಟು ಮೇಲೆ ನಿಲ್ಲಿಸುತ್ತಿದ್ದೆ. ಕೆಳಗಿನ ಕೋಣೆಯಲ್ಲಿ ಲ್ಯಾಪ್‌ಟಾಪ್. "ನೆಟ್ಟಗೆ ನಿಲ್ಲಬೇಕು, ಅಲ್ಲಾಡಬಾರದು, ಮಾತಾಡಬಾರದು" ಎಂದು ಕಟ್ಟಪ್ಪಣೆ.

ಒಂದು ದಿನ ಹುಕ್ಕೇರಿಯಿಂದ ಶಿಕ್ಷಣಾಧಿಕಾರಿ ಸಾಹೇಬರು ನನಗೆ ಫೋನ್ ಮಾಡಿದರು. ಆಯಾ ಎತ್ತಿದಳು. "ಅಕ್ಕೋರು ಮಾತಾಡಬ್ಯಾಡ ಅಂದಾರ್ರಿ" ಎಂದು ಇಟ್ಟಳು. ಅವರು ಮತ್ತೆ ಮಾಡಿದರು, ಅದೇ ಉತ್ತರ.

ಸಂಜೆ ಸಾಹೇಬರು ಮೆತ್ತಗೆ ಕೇಳಿದರು: "ಮೇಡಂ, ನನ್ನ ಮ್ಯಾಲ ಏನರ ಸಿಟ್ಟದೇನ್ರಿ?"

ಹೆಪ್ಪು

ನಮ್ಮ ಗಣಿತದ ಶಿಕ್ಷಕಿಯ ಗಂಡ, ಮಗು ಇಬ್ಬರೂ ಮೂಡಲಗಿಯಲ್ಲಿ. ಮಗುವಿನ ಮುಖ ಕಾಣಲು ಅವರು ಭಾನುವಾರದ ಬಸ್ಸಿಗೆ ಕಾಯಬೇಕು. ಆ ವರ್ಷ ವರ್ಗಾವಣೆಗೆ ಅವರ ಸರದಿ ಬಂತು. ಕೊನೆಯ ದಿನ ಐದು ಗಂಟೆಯೊಳಗೆ ಲ್ಯಾಪ್‌ಟಾಪಿನಲ್ಲಿ ಊರು ಆರಿಸಬೇಕು. ತಪ್ಪಿದರೆ ಮತ್ತೆ ಯಾವಾಗಲೋ.

ಆ ದಿನ ನೋಡಿದರೆ ಇಂಟರ್ನೆಟ್ ಮುಂದಕ್ಕೇ ಹೋಗಲೊಲ್ಲದು. ಹೊರಗೆ ಬಂದು ನೋಡಿದೆ. ಶಾಲೆಯ ಗೋಡೆಗೆ ಆತು ಹಿಟ್ಟಿನ ಗಿರಣಿಯವನು, ಟೇಲರು, ಇಬ್ಬರು ಮುದುಕರು, ಎಲ್ಲರೂ ಫೋನ್ ಹಿಡಿದು ಕೂತಿದ್ದಾರೆ.

"ಇವರಿಗೆ ಪಾಸ್‌ವರ್ಡ್ ಕೊಟ್ಟವರು ಯಾರು?"

"ಕೇಳಿದ್ರು, ಕೊಟ್ಟೇನ್ರಿ" ಎಂದಳು ಆಯಾ.

"ಯಾರಿಗೂ ಕೊಡಬಾರದು ಎಂದಿದ್ದೆನಲ್ಲ?"

"ಮಂದಿಗೆ ಹೆಪ್ಪು ಕೊಟ್ರ ನಮ್ಮ ಮೊಸರು ಕಮ್ಮಿ ಆಗತೈತೇನ್ರಿ ಅಕ್ಕೋರ?"

ಕಾನ್ವೆಂಟಿನಲ್ಲಿ ಇದಕ್ಕೆ ಉತ್ತರ ಕಲಿಸಿರಲಿಲ್ಲ. ಉತ್ತರ ಕೊಟ್ಟದ್ದು ನನ್ನ ಫೋನು: ಇಂದಿನ ಡೇಟಾ ಮುಗಿದಿದೆ.

ಒಡಪು

ಆಗಲೇ ನಾಲ್ಕೂಮುಕ್ಕಾಲು. ಶಿಕ್ಷಕಿಯ ಫೋನಿಗೆ ಮಾಳಿಗೆಯಲ್ಲೂ ರೇಂಜ್ ಇಲ್ಲ. ಗೋಡೆಯ ಬಳಿ ಕೂತವರಾರೂ ಡೇಟಾ ಹಾಕಿಸಿಯೇ ಇರಲಿಲ್ಲ. ಉಳಿದದ್ದು ಆಯಾಳ ಫೋನ್ ಒಂದೇ. ಅದರಲ್ಲೇ ಹಾಟ್‌ಸ್ಪಾಟ್ ಹಚ್ಚಿ ಅವಳನ್ನು ಮೇಲೆ ಕಳಿಸಿದೆವು. ಲ್ಯಾಪ್‌ಟಾಪ್ ಪಾಸ್‌ವರ್ಡ್ ಕೇಳಿತು.

ಮೆಟ್ಟಿಲ ಬಳಿ ನಿಂತು ನಾನು ಕೂಗಿದೆ: "ಪಾಸ್‌ವರ್ಡ್ ಏನು?"

ಅವಳು ಮುಖ ಆಚೆ ತಿರುಗಿಸಿದಳು.

"ಗೊತ್ತಿಲ್ಲವೇನು?"

"ಗೊತ್ತೈತ್ರಿ. ಹೇಳಾಕ ಬರೂದಿಲ್ಲ. ಗೋಕಾಕದ ಫೋನ್ ಅಂಗಡ್ಯಾಂವ ನಮ್ಮ ಮನಿಯವರ ಹೆಸರು ಇಟ್ಟಾನ್ರಿ."

ಗಂಡನ ಹೆಸರನ್ನು ಅವಳು ಬಾಯಿಂದ ಹೇಳುವವಳಲ್ಲ, ಬರೆದು ಕೊಡಲು ಅಕ್ಷರ ಬಾರದು. ಊರೆಲ್ಲ ಅವನನ್ನು ಕುರಿ ಮಾವ ಎಂದೇ ಕರೆಯುವುದರಿಂದ ಬೇರೆಯವರಿಗೂ ಗೊತ್ತಿಲ್ಲ. ಫೋನಿನೊಳಗೆ ಹುಡುಕುವಷ್ಟು ವ್ಯವಧಾನ ಯಾರಿಗಿತ್ತು? ಶಿಕ್ಷಕಿಯ ಕಣ್ಣಲ್ಲಿ ನೀರು.

"ಲಗ್ನದಲ್ಲಿ ಒಡಪು ಕಟ್ಟಿ, ಹಾಡಿನ ಸಾಲಿನೊಳಗೆ ಗಂಡನ ಹೆಸರು ಸೇರಿಸಿ ಹೇಳಿದ್ದೆಯಲ್ಲ, ಹಾಗೇ ಹೇಳು" ಎಂದೆ.

ಅವಳು ಸೆರಗು ಸರಿಮಾಡಿಕೊಂಡು ಗಂಟಲು ಸರಿಪಡಿಸಿಕೊಂಡಳು.

"ಹಿಡಕಲ್ ಡ್ಯಾಮಿಗೆ ಹೊಸ ನೀರು ಬಂತು, ನೀರು ಹಾಯ್ಸಿದ ಹೊಲಕ ಹಸರು ಬಂತು..."

"ಲಗೂ ಹೇಳ್ರಿ ಅವ್ವಾ" ಎಂದು ಶಿಕ್ಷಕಿ ಒಳಗಿಂದ ಅಂಗಲಾಚಿದರು.

"ತಡೀರಿ, ಅವಸರ ಮಾಡಿದ್ರ ಒಡಪು ಕೆಡತೈತಿ." ಮತ್ತೆ ಮೊದಲಿನಿಂದ ಶುರು. ನೀರು ಬಂತು, ಹಸರು ಬಂತು, ಜೋಳ ತೆನಿಗೆ ಬಂತು, ಕುರಿ ಹಟ್ಟಿಗೆ ಬಂತು. ಗೋಡೆಗೆ ಆತು ಕೂತವರೆಲ್ಲ ಎದ್ದು ನಿಂತು ಕತ್ತೆತ್ತಿ ನೋಡುತ್ತಿದ್ದರು. ಕೊನೆಗೆ, "ಬೀರಪ್ಪನವರು ಬಂದಾರ, ಬಾಗಿಲಾ ತಗೀರಿ!"

ಶಿಕ್ಷಕಿ ಹೆಸರು ಒತ್ತಿದರು. ಬಾಗಿಲು ತೆರೆಯಿತು. ಐದಕ್ಕೆ ಮುಂಚೆ ಮೂಡಲಗಿ ಸಿಕ್ಕಿತು. ನಾನೂ ಸಾಲು ತಪ್ಪಿ, ಎಲ್ಲರ ಮಧ್ಯೆ ನಿಂತು ಚಪ್ಪಾಳೆ ತಟ್ಟಿದೆ.

ಆಯಾ ಮುಖಕ್ಕೆ ಸೆರಗು ಮುಚ್ಚಿಕೊಂಡು ಇಳಿದು ಬಂದಳು. "ಅಕ್ಕೋರ, ಊರಿಗೆಲ್ಲಾ ಗೊತ್ತಾತು. ಪಾಸ್‌ವರ್ಡ್ ಬದಲಿ ಮಾಡಿ ಕೊಡ್ರಿ."

"ಏನಿಡಲಿ?"

"ನನ್ನ ಹೆಸರು ಇಡ್ರಿ. ಮನ್ಯಾಗ ಫೋನ್ ಅವರ ಕಡೀನ ಇರತೈತಿ. ಲಗ್ನ ಆದಾಗಿಂದ ಆ ಹೆಸರು ಅವರ ಬಾಯಾಗ ಬಂದಿಲ್ಲ, ಮಂದಿ ಪಾಸ್‌ವರ್ಡ್ ಕೇಳಿದಾಗರ ಬರಲಿ."