ಬಣ್ಣ ಹೋಗುವ ಸೀರೆ ಕೇಳಿದ ಭಾವಮೈದ

ನನ್ನ ಹೆಂಡತಿಯ ತಮ್ಮನಷ್ಟು ಅಪಾಯಕಾರಿ ಗಿರಾಕಿಯನ್ನು ನಂಜನಗೂಡಿನ ಯಾವ ಬಟ್ಟೆ ಅಂಗಡಿಯೂ ಕಂಡಿಲ್ಲ! ಸೈಕಲ್ ಮೇಲೆ ಗಂಟು ಹೇರಿಕೊಂಡು ಹುಲ್ಲಹಳ್ಳಿ, ಹದಿನಾರು ಎಂಬ ಊರುಗಳನ್ನು ಸುತ್ತಿ ಸೀರೆ ಮಾರಿ, ಆಮೇಲೆ ಅಂಗಡಿ ಇಟ್ಟವನು ನಾನು. ಗೋಡೆಯ ಮೇಲೆ ‘ಬಣ್ಣಕ್ಕೆ ಗ್ಯಾರಂಟಿ’ ಎಂದು ಬರೆಸಿದ್ದೇನೆ. ಮದುವೆ ಜವಳಿಯವರು ತುಂಬಿರುವಾಗ ಈತ ಆ ಬರಹದ ಕೆಳಗೇ ನಿಂತು ಕೇಳಿದ: “ಭಾವ, ಬೇಗ ಬಣ್ಣ ಹೋಗೋ ಸೀರೆ ಯಾವ್ದಿದೆ?”

ಜವಳಿಯವರು ಕೈಯಲ್ಲಿದ್ದುದನ್ನು ಮೆಲ್ಲಗೆ ಕೆಳಗಿಟ್ಟರು.

ಅವನೊಂದು ಸಿನಿಮಾ ಮಾಡುತ್ತಿದ್ದ. ಬಣ್ಣ ಬಸಿದುಹೋದಂತೆ, ನೆನಪಿನಲ್ಲಿ ಕಂಡಂತೆ ಇರಬೇಕಂತೆ.

“ಕಂಪ್ಯೂಟರಲ್ಲಿ ತೆಗೆಯೋಕಾಗಲ್ವೇನೋ?”

“ಅಲ್ಲಿ ತೆಗೆದ್ರೆ ಮುಖದ ಜೀವಾನೂ ಹೋಗ್ತದೆ ಭಾವ. ಗೋಡೆ, ಬಕೆಟ್ಟು, ಸೀರೆ ಎಲ್ಲಾ ಮೊದಲೇ ಮಂಕಾಗಿರ್ಬೇಕು. ಇಡೀ ಸಿನಿಮಾಕ್ಕೆ ಒಂದೇ ಒಂದು ಕೆಂಪು. ಅದನ್ನ ಎಲ್ಲಿಡ್ಬೇಕೋ ಇನ್ನೂ ಹೊಳೀತಿಲ್ಲ.”

ಹೀಗೆಂದು ಕಣ್ಣನ್ನು ಅರೆ ಮುಚ್ಚಿ ನನ್ನ ಅಂಗಡಿಯನ್ನು ನೋಡಿದ. ಬಣ್ಣ ಅಳೆಯುವ ಕ್ರಮ ಅದಂತೆ. ಯಾರೂ ನೋಡದಾಗ ನಾನೂ ಹಾಗೇ ನೋಡಿದೆ. ನನ್ನ ಇಷ್ಟು ವರ್ಷದ ದುಡಿಮೆಯೆಲ್ಲ ಕಪಿಲೆಯ ಬೆಳಗಿನ ಮಂಜಿನಲ್ಲಿ ತೇಲುತ್ತಿದ್ದಂತೆ ಕಂಡಿತು. ಚೆನ್ನಾಗಿಯೇ ಇತ್ತು. ಅವನಿಗೆ ಹೇಳಲಿಲ್ಲ.

ಕೊನೆಗೆ ಟಿ. ನರಸೀಪುರದ ಕಡೆ ಮನೆಮನೆ ತಿರುಗಿ, ಹೊಸ ಸೀರೆ ಕೊಟ್ಟು ಹಳೆಯದನ್ನು ಕೇಳತೊಡಗಿದ. ಉಟ್ಟ ಬಟ್ಟೆಯನ್ನು ಯಾರಾದರೂ ಹಾಗೆ ಕೊಡುತ್ತಾರೆಯೇ? “ಮಾಟ ಮಾಡ್ಸಕ್ ಬಂದಿದ್ದೀಯೇನ್ಲಾ?” ಎಂದು ಒಬ್ಬಾಕೆ ಪೊರಕೆ ಎತ್ತಿದಳು. ನಾನೇ ಹೋಗಿ ಚೌಕಾಸಿ ಮಾಡಿ ಎಂಟು ಸೀರೆ ತಂದೆ. (ಹಳೆಯದನ್ನು ಕೊಳ್ಳುವಾಗ ಮೊದಲು ಅವರ ಎಮ್ಮೆಯನ್ನು ಹೊಗಳಿ, ಕೆಲಸ ಸಲೀಸು.)

ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಸಿನಿಮಾದ ಕೊನೆಯಲ್ಲಿ ‘ಸೀರೆ ಒದಗಿಸಿದವರು’ ಎಂದು ನಮ್ಮ ಅಂಗಡಿಯ ಹೆಸರು ಬರುತ್ತದೆ ಎಂದಿದ್ದ. ಗ್ಯಾರಂಟಿ ಅಂಗಡಿಯ ಹೆಸರಿನಲ್ಲಿ ಮಾಸಿದ ಸೀರೆಯೇ? ಎಂಟಕ್ಕೂ ಗಿಳಿಹಸಿರು ಬಣ್ಣ ಹಾಕಿಸಿ, ಇಸ್ತ್ರಿ ಮಾಡಿಸಿಬಿಟ್ಟೆ.

ಅವನು ಬಯ್ಯಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತ. “ನಾಳೆ ಬೆಳಗ್ಗೆ ತಾಯಿ ಪಾತ್ರದ ಶಾಟು ಭಾವ. ಕ್ಯಾಮೆರಾ ಸಿಕ್ಕಿರೋದು ಅದೊಂದೇ ದಿನ.”

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಹೆಂಡತಿ ಒಳಗೆ ಹೋಗಿ, ಅಟ್ಟದಲ್ಲಿದ್ದ ನನ್ನ ಹಳೆಯ ಗಂಟಿನ ಬಟ್ಟೆಯನ್ನು ತಂದಿಟ್ಟಳು. ವರ್ಷಗಟ್ಟಲೆ ಸೈಕಲ್ ಮೇಲೆ ಬಿಸಿಲು ಕುಡಿದು, ಬೂದಿಯೂ ಅಲ್ಲದ ಮಣ್ಣೂ ಅಲ್ಲದ ಬಣ್ಣಕ್ಕೆ ತಿರುಗಿತ್ತು. ಅವನು ಕಣ್ಣನ್ನು ಅರೆ ಮುಚ್ಚಿದ; ಆಮೇಲೆ ಪೂರ್ತಿ ತೆರೆದ.

“ಇದೇ ಕಣಕ್ಕ.”

ಸೈಕಲ್ಲಿಗೆ ಸಿಕ್ಕಿಸಲೆಂದು ಒಂದು ಮೂಲೆಗೆ ಹಾಕಿದ್ದ ಗಂಟನ್ನು ನಾನು ಎಂದೂ ಬಿಚ್ಚಿರಲಿಲ್ಲ. ಅವನು ಉಗುರಿನಿಂದ ಬಿಡಿಸಿದ. ಬಿಸಿಲು ತಾಗದ ಮಡಿಕೆಯೊಳಗೆ ಅಂಗೈಯಗಲ ಕೆಂಪು, ನಿನ್ನೆ ನೆಯ್ದ ಹಾಗೆ.

“ನನ್ನ ಧಾರೆ ಸೀರೆ,” ಎಂದಳು ಹೆಂಡತಿ. “ಗಂಟು ಕಟ್ಟಕ್ಕೆ ಗಟ್ಟಿ ಬಟ್ಟೆ ಬೇಕು ಅಂದಿದ್ರಲ್ಲ. ಮನೇಲಿ ಇದ್ದಿದ್ದು ಇದೊಂದೇ.”

ನೂಲು ಮುಟ್ಟಿ ಮಗ್ಗದ ಊರು ಹೇಳುವವನು ನಾನು. ಇದನ್ನು ಮರೆತಿದ್ದೆ.

ಮರುದಿನ ನರಸೀಪುರದ ಹೊಳೆದಂಡೆಯಲ್ಲಿ ಆ ಶಾಟ್ ಆಯಿತು. ಅವನ ಒಂದೇ ಒಂದು ಕೆಂಪು ತಾಯಿಯ ಸೆರಗಿನ ತುದಿಯಲ್ಲಿತ್ತು. ಸಿನಿಮಾದ ಕೊನೆಯಲ್ಲಿ ‘ಸೀರೆ ಒದಗಿಸಿದವರು’ ಎಂಬಲ್ಲಿ ಈಗ ನಮ್ಮ ಅಂಗಡಿಯ ಹೆಸರಿಲ್ಲ. ಚೌಕಾಸಿ ಮಾಡಿ, ಹೆಂಡತಿಯ ಹೆಸರು ಹಾಕಿಸಿದ್ದೇನೆ.