ಹನ್ನೊಂದನೇ ನಂಬರಿನ ಜೇಬು

ಲಾಂಡ್ರಿಯಣ್ಣನ ಕಷ್ಟಕ್ಕೆಲ್ಲ ಮೂಲ ಜೇಬು. ತನ್ನದಲ್ಲ, ಊರವರದು. ಬಟ್ಟೆ ಒಗೆಯುವ ಮುಂಚೆ, ಇಸ್ತ್ರಿ ಹಾಕುವ ಮುಂಚೆ ಪ್ರತಿ ಜೇಬಿಗೂ ಕೈ ಹಾಕಿ, ಸಿಕ್ಕಿದ್ದನ್ನು ಸಣ್ಣ ಕಾಗದದ ಕವರಿಗೆ ತುಂಬಿ, ಅದರ ಮೇಲೆ ಬಟ್ಟೆಯ ನಂಬರು ಬರೆದು ಪಿನ್ನು ಚುಚ್ಚುವುದು ಅವನ ಅಂಗಡಿಯ ಪದ್ಧತಿ. ಪದ್ಧತಿಯೇನೋ ಒಳ್ಳೆಯದೇ. ಆದರೆ ಜೇಬಿಗೂ ಕವರಿಗೂ ನಡುವಿನ ಆ ಗೇಣುದ್ದದ ದಾರಿಯಲ್ಲಿ ಅವನ ಕಣ್ಣು ಅಡ್ಡ ಬರುತ್ತಿತ್ತು. ಡಾಕ್ಟರ ಚೀಟಿ, ಬಸ್ಸಿನ ಟಿಕೆಟ್ಟು, ಅತ್ತೆಗೆ ಬರೆದು ಕಳಿಸದೇ ಉಳಿಸಿಕೊಂಡ ಕಾಗದ, ಯಾವುದನ್ನೂ ಅವನು ಓದದೆ ಬಿಟ್ಟವನಲ್ಲ. ಇಸ್ತ್ರಿ ಪೆಟ್ಟಿಗೆ ಕಾಯುವಷ್ಟರಲ್ಲಿ ಯಾರ ಮನೆಯಲ್ಲಿ ಏನು ನಡೆದಿದೆ ಎಂದು ಅವನಿಗೆ ತಿಳಿದಿರುತ್ತಿತ್ತು. ಅದು ಆರುವಷ್ಟರಲ್ಲಿ ಇನ್ನೂ ನಾಲ್ಕು ಜನಕ್ಕೆ ತಿಳಿದಿರುತ್ತಿತ್ತು. ಹಾಗೆಂದು ಕೆಟ್ಟ ಮನಸ್ಸಿನವನಲ್ಲ. ಯಾರದೋ ಜೇಬಿನಲ್ಲಿ ಆಸ್ಪತ್ರೆಯ ಚೀಟಿ ಕಂಡರೆ ಸಂಜೆ ಹಣ್ಣು ಹಿಡಿದು ಅವರ ಬಾಗಿಲು ತಟ್ಟುವವನೂ ಅವನೇ.

ಹೋದ ಭಾನುವಾರ ಚರ್ಚಿನಲ್ಲಿ ಸಭಾಪಾಲಕರು ಶೋಧನೆಯ ಬಗ್ಗೆ, ಅಂದರೆ ಪಾಪಕ್ಕೆ ಸೆಳೆಯುವ ಆಸೆಯ ಬಗ್ಗೆ, ಪ್ರಸಂಗ ಮಾಡಿದ್ದರು. ಕರ್ತನಿಗೇ ಅಡವಿಯಲ್ಲಿ ಶೋಧನೆ ಬಂದಿತ್ತು, ಅದು ಬರುವುದು ಪಾಪವಲ್ಲ, ಬಾಗಿಲಿಗೆ ಬಂದದ್ದನ್ನು ಒಳಗೆ ಕರೆದು ಕುರ್ಚಿ ಹಾಕಿ ಕೂರಿಸುವುದು ಪಾಪ ಎಂದಿದ್ದರು. ತಪ್ಪಿಸಿಕೊಳ್ಳುವ ದಾರಿಯನ್ನೂ ದೇವರು ಜೊತೆಗೇ ಇಟ್ಟಿರುತ್ತಾನೆ, ಹುಡುಕಬೇಕಷ್ಟೆ ಎಂದೂ ಹೇಳಿದ್ದರು. ಹೇಳುವಾಗ ಅವರು ತನ್ನ ಬೆಂಚಿನ ಕಡೆಗೇ ನೋಡಿದರೆಂದು ಲಾಂಡ್ರಿಯಣ್ಣನಿಗೆ ಅನ್ನಿಸಿತು. ಅದಕ್ಕೆ ಕಾರಣವಿತ್ತು. ಸಭೆಯ ಆಡಳಿತ ನೋಡುವ ಹಿರಿಯರ ಸ್ಥಾನವೊಂದು ಖಾಲಿಯಾಗಿತ್ತು. ಆ ಮುಂದಿನ ಸಾಲಿನ ಕುರ್ಚಿಯ ಬೆನ್ನನ್ನೇ ಇಪ್ಪತ್ತು ವರ್ಷ ಹಿಂದಿನಿಂದ ನೋಡಿದ್ದ ಅವನಿಗೆ, ಒಂದು ಸಲ ಅದಕ್ಕೆ ತನ್ನ ಬೆನ್ನು ಒರಗಿಸಬೇಕೆಂಬ ಆಸೆ. ಪಕ್ಕದ ಅಂಗಡಿಯ ಟೈಲರಿಗೂ ಅದೇ ಆಸೆ. ಶನಿವಾರ ಸಂಜೆಯೊಳಗೆ ಕಮಿಟಿ ತೀರ್ಮಾನ ಮಾಡುವುದಿತ್ತು.

ಶನಿವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುತ್ತಲೇ ಅವನು ಹೆಂಡತಿಗೆ ಘೋಷಿಸಿದ. “ಇವತ್ತು ಒಂದು ಜೇಬಿನ ಕಾಗದಾನೂ ನೋಡಲ್ಲ. ನೀನೂ ನೋಡಕೂಡದು.”

“ನಾನು ಯಾವತ್ತು ನೋಡಿದೀನಿ? ನೀವು ಓದಿ ಹೇಳ್ತಿದ್ರಲ್ಲ, ನನಗೆ ಅಷ್ಟೇ ಸಾಕಾಗ್ತಿತ್ತು” ಎಂದಳು ಅವಳು.

ಮೊದಲ ಪರೀಕ್ಷೆ ಒಂಬತ್ತಕ್ಕೇ ಬಂತು. ಶಾಲೆಯ ಮೇಷ್ಟ್ರ ಅಂಗಿಯ ಜೇಬಿನಲ್ಲಿ ನಾಲ್ಕು ಮಡಿಕೆ ಮಡಚಿದ ಗುಲಾಬಿ ಕಾಗದ. ನಲವತ್ತೈದು ದಾಟಿದ, ಮದುವೆಯಾಗದ ಮೇಷ್ಟ್ರು. ಲಾಂಡ್ರಿಯಣ್ಣನ ಬೆರಳು ತಾನಾಗಿಯೇ ಒಂದು ಮಡಿಕೆ ಬಿಚ್ಚಿತು. ಅವನು ಬೆಚ್ಚಿ ಕಣ್ಣು ಮುಚ್ಚಿಕೊಂಡು ಕಾಗದವನ್ನು ಕವರಿಗೆ ತುರುಕಿದ. ಕಣ್ಣು ಮುಚ್ಚುವುದೇ ದೇವರು ಇಟ್ಟಿರುವ ದಾರಿ ಎಂದು ಅವನಿಗೆ ಹೊಳೆದದ್ದು ಆಗ. ಅಲ್ಲಿಂದ ಮುಂದೆ ಪ್ರತಿ ಜೇಬಿನ ಮುಂದೆಯೂ ಕಣ್ಣು ಮುಚ್ಚತೊಡಗಿದ. ದಾರಿ ಸುಗಮವಾಗಿತ್ತು, ಕೆಲಸ ಮಾತ್ರ ಕೆಟ್ಟಿತು. ಬ್ಯಾಂಕಿನವರ ಪ್ಯಾಂಟಿನ ಜೇಬಿನ ಮೂಲೆಯಲ್ಲಿ ಅವಿತಿದ್ದ ಚಾಕಲೇಟು ಕೈಗೆ ಸಿಗದೆ ಇಸ್ತ್ರಿ ಪೆಟ್ಟಿಗೆಗೆ ಸಿಕ್ಕಿ, ತೊಡೆಯ ಮೇಲೆ ಅಂಗೈಯಗಲ ಹರಡಿತು. ತನ್ನ ಹೆಬ್ಬೆರಳಿಗೆ ತಾನೇ ಎರಡು ಸಲ ಪಿನ್ನು ಚುಚ್ಚಿಕೊಂಡ. ಹೆಂಡತಿ ಪ್ಯಾಂಟನ್ನು ಮತ್ತೆ ಒಗೆಯಲು ಹಾಕಿದಳು.

ಹನ್ನೊಂದು ಗಂಟೆಗೆ ಸಭಾಪಾಲಕರ ಹೆಂಡತಿ ಬಂದು, ನಾಳೆಯ ಆರಾಧನೆಗೆ ಬೇಕಾದ ಬಿಳಿ ನಿಲುವಂಗಿ ಕೊಟ್ಟು, ಸಂಜೆ ಅವರೇ ಬಂದು ಒಯ್ಯುತ್ತಾರೆ ಎಂದು ಹೇಳಿ ಹೋದರು. ನಂಬರು ಹನ್ನೊಂದು. ಜೇಬಿಗೆ ಕೈ ಹಾಕಿದರೆ ದಪ್ಪನೆಯದೊಂದು ಲಕೋಟೆ ತಗುಲಿತು. ಲಾಂಡ್ರಿಯಣ್ಣ ಕಣ್ಣನ್ನು ಇನ್ನಷ್ಟು ಬಿಗಿಯಾಗಿ ಮುಚ್ಚಿ, ಅದನ್ನು ಕವರಿಗಿಳಿಸಿ, ಕವರನ್ನು ಮಗುಚಿ ಮೇಜಿನ ಮೇಲಿಟ್ಟ.

ಅಷ್ಟು ಹೊತ್ತಿಗೆ ಟೈಲರು ಹೊಸ್ತಿಲ ಮೇಲಿದ್ದ. ಸೂಜಿ ಇದೆಯಾ ಎಂದು ಕೇಳಲು ಬಂದನಂತೆ; ಟೈಲರಿಗೆ ಸೂಜಿಯ ಬರ. ನಿಲುವಂಗಿಯನ್ನೂ ಕವರನ್ನೂ ನೋಡಿ ಅವನು ದನಿ ತಗ್ಗಿಸಿದ. ನಿನ್ನೆ ಕಮಿಟಿ ಸೇರಿತ್ತಂತೆ, ಹೆಸರೂ ನಿಶ್ಚಯವಾಗಿದೆಯಂತೆ, ಪತ್ರ ಬರೆದು ಸಭಾಪಾಲಕರ ಕೈಗೆ ಕೊಟ್ಟಿದ್ದಾರಂತೆ. “ಅಣ್ಣ, ಅದೇ ಇದು ಅನ್ನಿಸ್ತದೆ. ನೀವು ನೋಡಿ, ನನಗೆ ಹೇಳೋದೂ ಬೇಡ. ನಿಮ್ಮ ಮುಖ ನೋಡಿದ್ರೆ ನನಗೆ ಗೊತ್ತಾಗ್ತದೆ.”

ಲಾಂಡ್ರಿಯಣ್ಣನ ಕೈ ಕವರಿನತ್ತ ಅರ್ಧ ಚಾಚಿತು. ಆದರೂ ಆಗುವುದಿಲ್ಲ ಎಂದ. ಟೈಲರು ಸೂಜಿಯನ್ನೂ ಮರೆತು ಹೊರಟುಹೋದ.

ಮಧ್ಯಾಹ್ನ ಹಾಡಿನ ಟೀಚರ್ ಬಂದರು. ಸಭೆಯ ಗಾಯನ ತಂಡಕ್ಕೆ ಕಲಿಸುವವರು, ಹಾಡಿನಲ್ಲಿ ಅಪಸ್ವರವನ್ನೂ ಊರಿನಲ್ಲಿ ಸುದ್ದಿಯನ್ನೂ ಒಂದು ಮೈಲಿ ದೂರದಿಂದ ಹಿಡಿಯುವವರು. ಟೈಲರ ಬಾಯಿಂದ ಎಲ್ಲ ಕೇಳಿಕೊಂಡೇ ಬಂದಿದ್ದರು. ಲಕೋಟೆ ಒಡೆದರೆ ತಪ್ಪು, ಬೆಳಕಿಗೆ ಹಿಡಿದರೆ ಏನು ತಪ್ಪು ಎಂಬುದು ಅವರ ವಾದ. ಬೆಳಕನ್ನು ಮಾಡಿದವನು ದೇವರೇ ತಾನೆ ಎಂದೂ ಸೇರಿಸಿದರು. ವಾದ ಎಷ್ಟು ಸೊಗಸಾಗಿತ್ತೆಂದರೆ ಲಾಂಡ್ರಿಯಣ್ಣ ಮೇಜಿನವರೆಗೆ ಹೋಗಿ, ಕವರನ್ನು ಮುಟ್ಟಿ, ಕಿಟಕಿಯ ಕಡೆ ಎರಡು ಹೆಜ್ಜೆ ಇಟ್ಟೇಬಿಟ್ಟ. ಮೂರನೆಯದು ಇಡುವ ಮೊದಲು ಪ್ರಸಂಗದ ಕುರ್ಚಿ ನೆನಪಾಯಿತು. ತಿರುಗಿದವನೇ ಕವರನ್ನು ಹೆಂಡತಿಯ ಕೈಗಿತ್ತು, ಟ್ರಂಕಿನಲ್ಲಿಟ್ಟು ಬೀಗ ಹಾಕು, ಬೀಗದ ಕೈ ನಾನು ಬೇಡಿದರೂ ಕೊಡಬೇಡ ಎಂದ.

ಮೂರು ಗಂಟೆಗೆ ಬೇಡಿದ. ಅವಳು ಕೊಡಲಿಲ್ಲ. ಮೂರೂವರೆಗೆ, ಕವರು ಸರಿಯಾಗಿದೆಯೋ ಇಲ್ಲವೋ ನೋಡಬೇಕಿತ್ತು ಎಂದ. ಸರಿಯಾಗಿದೆ ಎಂದಳು. ನಾಲ್ಕು ಹೊಡೆಯುವಾಗ ಅವನು ಟ್ರಂಕಿನ ಮೇಲೇ ಕುಳಿತು, ಕೆಳಗಿನಿಂದ ಶಾಖ ಬರುತ್ತಿದೆಯೇನೋ ಎಂಬಂತೆ ಹಣೆ ಒರೆಸಿಕೊಳ್ಳುತ್ತಿದ್ದ. ನಾಲ್ಕೂವರೆಗೆ ಎಲ್ಲ ತಣ್ಣಗಾಯಿತು. ಬೇಕೆನ್ನುವ ಆಸೆ ಜ್ವರ ಇಳಿದಂತೆ ಇಳಿದು, ಮನಸ್ಸು ಮಗುವಿನದರಂತೆ ಹಗುರವಾಯಿತು. ತಾನು ಗೆದ್ದೆ ಎಂದು ಅವನಿಗೆ ನಿಜವಾಗಿ ಸಂತೋಷವಾಯಿತು. ಕರ್ತನಿಗೂ ಮೂರೇ ಸಲ ಶೋಧನೆ ಬಂದದ್ದು, ತನಗೆ ಟ್ರಂಕನ್ನೂ ಸೇರಿಸಿ ನಾಲ್ಕಾಯಿತು ಎಂದು ಲೆಕ್ಕ ಹಾಕಿ, ತಕ್ಷಣ ನಾಚಿಕೊಂಡ.

ಐದೂವರೆಗೆ ಸಭಾಪಾಲಕರು ಊದಿದ ಮೊಣಕಾಲನ್ನು ಎಳೆದುಕೊಂಡು ಬಂದರು. ಮುಖ ಬಾಡಿತ್ತು. ಲಾಂಡ್ರಿಯಣ್ಣ ಮಡಿಕೆ ಮುರಿಯದ ನಿಲುವಂಗಿಯನ್ನೂ, ಟ್ರಂಕಿನಿಂದ ತೆಗೆಸಿದ ಕವರನ್ನೂ ಎರಡು ಕೈಯಲ್ಲಿ ಹಿಡಿದು ಮುಂದೆ ನಿಂತ.

“ಅಯ್ಯನವರೇ, ಎಲ್ಲಾ ಇದ್ದ ಹಾಗೇ ಇದೆ. ಓದಿಲ್ಲ. ಕಣ್ಣೆತ್ತಿ ಕೂಡ ನೋಡಿಲ್ಲ.”

ಸಭಾಪಾಲಕರು ಅವನನ್ನೇ ನೋಡಿದರು. “ಓದಿಲ್ವಾ?”

“ಇಲ್ಲ.”

“ಇವತ್ತೇ ಓದಬಾರದಿತ್ತಾ?” ಎನ್ನುತ್ತ ಅವರು ಸ್ಟೂಲಿನ ಮೇಲೆ ಕುಸಿದರು. ಕವರಿನಿಂದ ಲಕೋಟೆ ತೆಗೆದು ತಿರುಗಿಸಿ ತೋರಿಸಿದರು. ಅದರ ಮೇಲೆ ದಪ್ಪ ಅಕ್ಷರದಲ್ಲಿ ಲಾಂಡ್ರಿಯಣ್ಣನ ಹೆಸರೇ ಇತ್ತು.

ಕಮಿಟಿ ಒಮ್ಮನಸ್ಸಿನಿಂದ ಅವನನ್ನೇ ಆರಿಸಿತ್ತು. ಒಪ್ಪಿಗೆಯಿದ್ದರೆ ಶನಿವಾರ ನಾಲ್ಕು ಗಂಟೆಯೊಳಗೆ ಕಮಿಟಿಯ ಕೋಣೆಗೆ ಬಂದು ಸಹಿ ಹಾಕಬೇಕೆಂದು ಪತ್ರ. ಅವನ ಕೈಗೆ ಕೊಡಬೇಕೆಂದಿದ್ದ ಸಭಾಪಾಲಕರು ಅದನ್ನು ಜೇಬಿನಲ್ಲೇ ಮರೆತು ನಿಲುವಂಗಿ ಕಳಿಸಿದ್ದರು. ನೆನಪಾದ ಕೂಡಲೇ ಎದ್ದು ಬರೋಣ ಎಂದುಕೊಂಡರಂತೆ. “ಕಾಲು ನೋಯ್ತಿತ್ತು, ಕುರ್ಚಿ ಮೆತ್ತಗಿತ್ತು. ನಿಮ್ಮ ಅಂಗಡಿಗೆ ಹೋದ ಜೇಬು ತಾನೆ, ಐದು ನಿಮಿಷದಲ್ಲಿ ಓದೇ ಓದ್ತಾರೆ, ಅಂಚೆಯವರೂ ಇಷ್ಟು ಬೇಗ ತಲುಪಿಸಲ್ಲ ಅಂದ್ಕೊಂಡು ಕೂತುಬಿಟ್ಟೆ. ಸೋತದ್ದು ನಾನು.”

ನಾಲ್ಕಾದರೂ ಲಾಂಡ್ರಿಯಣ್ಣ ಬಾರದ್ದನ್ನು ಕಂಡು ಅವನಿಗೆ ಇಷ್ಟವಿಲ್ಲವೆಂದು ಕಮಿಟಿಯವರು ತಿಳಿದರು. ಸುದ್ದಿ ತಿಳಿಯಲೆಂದು ಎರಡು ಗಂಟೆಯಿಂದ ಅಲ್ಲೇ ಬಾಗಿಲಲ್ಲಿ ನಿಂತಿದ್ದ ಟೈಲರನ್ನು ಒಳಗೆ ಕರೆದು ಸಹಿ ಹಾಕಿಸಿದರು.

“ಬಾಗಿಲಿಗೆ ಬಂದದ್ದಕ್ಕೆ ಕುರ್ಚಿ ಹಾಕಬೇಡಿ ಅಂದಿದ್ದೆ. ಬಂದವರು ಯಾರು ಅಂತ ನೋಡಬೇಡಿ ಅಂದಿರಲಿಲ್ಲ” ಎಂದು ಸಭಾಪಾಲಕರು ಬೇಸರದಲ್ಲೂ ನಕ್ಕು, ಅವನ ಭುಜ ತಟ್ಟಿ, ಪತ್ರವನ್ನು ಅವನ ಕೈಗೇ ಕೊಟ್ಟು ಹೋದರು.

ಅವನು ಅದನ್ನು ಓದಿದ. ಸಭೆಯ ಪ್ರತಿ ಮನೆಯ ಸುಖದುಃಖವನ್ನು ಎಲ್ಲರಿಗಿಂತ ಮೊದಲು ತಿಳಿದು ಓಡಿಹೋಗುವವರು ತಾವು, ಆದ್ದರಿಂದ ತಮ್ಮನ್ನೇ ಆರಿಸಿದ್ದೇವೆ ಎಂದು ಬರೆದಿತ್ತು. ಲಾಂಡ್ರಿಯಣ್ಣನಿಗೆ ಅಳು ಬರಬೇಕಿತ್ತು, ಬಂದದ್ದು ನಗು. ಹೆಂಡತಿಯೂ ಇಣುಕಿ ಓದಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಕುರ್ಚಿ ಹೋಯಿತು, ಆದರೂ ಇಡೀ ದಿನ ತಡೆದುಕೊಂಡೆನಲ್ಲ ಎಂಬ ಹಿತ ಎದೆಯಲ್ಲಿ ಉಳಿಯಿತು. ಅದನ್ನು ಯಾರೂ ಸಹಿ ಹಾಕಿ ಒಯ್ಯುವಂತಿರಲಿಲ್ಲ.

ಆರು ಗಂಟೆಗೆ ಹೊಸ ಹಿರಿಯರು ಬಂದರು. ನಾಳೆ ಮುಂದಿನ ಸಾಲಿನಲ್ಲಿ ಕೂರಲು ಕೋಟಿಗೆ ಇಸ್ತ್ರಿ ಬೇಕಂತೆ, ಅರ್ಜೆಂಟಂತೆ. ಲಾಂಡ್ರಿಯಣ್ಣ ನಗುತ್ತಲೇ ತೆಗೆದುಕೊಂಡು, ಟೈಲರು ಹೋದ ಮೇಲೆ ಜೇಬಿಗೆ ಕೈ ಹಾಕಿದ. ಒಂದು ಲಕೋಟೆ ಸಿಕ್ಕಿತು. ಈ ಸಲ ಪಾಠ ಕಲಿತವನಂತೆ ಕಣ್ಣು ತೆರೆದುಕೊಂಡೇ ಇದ್ದ. ಹೊರಗಿನ ಹೆಸರು ನೋಡುವುದರಲ್ಲಿ ತಪ್ಪಿಲ್ಲವೆಂದು ಸ್ವತಃ ಸಭಾಪಾಲಕರೇ ಹೇಳಿದ್ದರಲ್ಲ. ಆ ಬದಿ ನೋಡಿದ, ಈ ಬದಿ ನೋಡಿದ. ಹೊರಗೆ ಯಾರ ಹೆಸರೂ ಇರಲಿಲ್ಲ.

“ಒಳಗೆ ಬರೆದಿರಬಹುದೇನೋ” ಎಂದಳು ಹೆಂಡತಿ, ಅಂಗಡಿಯ ಬಾಗಿಲು ಎಳೆದುಕೊಳ್ಳುತ್ತ.