ಇನ್ನೊಂದು ಗಂಟೆ

ಟೈಲರ್‌ನ ಅವಳಿ ಮಕ್ಕಳು ಮೂರು ಗಂಟೆಗೆ ಶಾಲೆಯಿಂದ ಬಂದರೆ, ಮರುಕ್ಷಣವೇ ಅಂಗಡಿಯ ಒಂದು ಗುಂಡಿಯೂ ತನ್ನ ಡಬ್ಬಿಯಲ್ಲಿ ಇರುತ್ತಿರಲಿಲ್ಲ. ಮನೆಯ ಮುಂಗೋಣೆಯೇ ಅಂಗಡಿ. ಹೆಂಡತಿ ನರ್ಸು, ಬರುವುದು ಕತ್ತಲಾದ ಮೇಲೆ. ರೋಸಿಹೋದ ಟೈಲರ್‌ಗೆ ಒಂದು ದಿನ ಭಾರೀ ಯೋಚನೆಯೊಂದು ಹೊಳೆಯಿತು: ಶಾಲೆಯನ್ನೇ ಒಂದು ಗಂಟೆ ಉದ್ದ ಮಾಡಿಸಿದರೆ ಹೇಗೆ? ಮಡಿಕೆ ಬಿಚ್ಚಿ ಪ್ಯಾಂಟು ಉದ್ದ ಮಾಡುವವನಿಗೆ ಶಾಲೆ ಯಾವ ಲೆಕ್ಕ!

ವಾರವಿಡೀ ಮನೆಯಲ್ಲಿ ಅದೇ ಮಾತು. ಹೆಡ್‌ಮೇಡಂ ಬೆನ್ನು ಬಿದ್ದು ಪೋಷಕರ ಸಭೆಯನ್ನೂ ಕರೆಸಿದ, ಮಧ್ಯಾಹ್ನ ಎರಡಕ್ಕೆ. ಅದೇ ಸಂಜೆ ಮದುಮಗನೊಬ್ಬನ ಕೋಟು ಕೊಡಬೇಕಿತ್ತು. ಮದುವೆ ಮರುದಿನವೇ. ತೋಳು ಜೋಡಿಸುವುದೊಂದೇ ಬಾಕಿ. ಒಯ್ಯಲು ಬರುವವನು ಮದುಮಗನ ಅಣ್ಣ, ಪೈಲ್ವಾನ. ಟೈಲರ್ ಕೋಟನ್ನು ಮೇಜಿನ ಮೇಲೆ ಹರಡಿಟ್ಟು, ಬೆಳಿಗ್ಗೆಯೇ ಹೊರಟು, ಬೀದಿಯ ಅಪ್ಪ ಅಮ್ಮಂದಿರನ್ನೆಲ್ಲ ಒಟ್ಟುಮಾಡಿದ.

ತರಗತಿಯ ಪುಟ್ಟ ಬೆಂಚುಗಳಲ್ಲಿ ದೊಡ್ಡವರು ಒತ್ತೊತ್ತಾಗಿ ಕುಳಿತರು. ಟೈಲರ್‌ನ ಮೊಣಕಾಲು ಡೆಸ್ಕಿನಡಿ ಸಿಕ್ಕಿಕೊಂಡಿತು. ಅವನಿಗೆ ಅದರ ಪರಿವೆಯೇ ಇರಲಿಲ್ಲ.

"ಮಕ್ಕಳಿಗೆ ಸುಸ್ತಾಗಲ್ವೇನ್ರೀ?" ಎಂದ ಬೇಕರಿಯವನು.

"ಮನೇಲಿದ್ದು ಅವರು ಮಾಡೋದಾದ್ರೂ ಏನು? ನಿಮ್ಮ ಮಗಳು ಮೈದಾದಲ್ಲಿ ಹೊರಳಾಡ್ತಾಳೆ, ನನ್ನವರು ಕತ್ತರಿ ಹುಡುಕ್ತಾರೆ. ಇನ್ನೊಂದು ಗಂಟೆ ಇಲ್ಲೇ ಇದ್ರೆ ವಿದ್ಯೆ ಬರುತ್ತೆ, ಶಿಸ್ತು ಬರುತ್ತೆ."

ಚಪ್ಪಾಳೆ ಬಿತ್ತು. ಚಪ್ಪಾಳೆ ಕೇಳಿ ಟೈಲರ್‌ಗೆ ರೆಕ್ಕೆ ಮೂಡಿತು. ಎರಡು ಮಾತು ಆಡಲು ನಿಂತವನು ಸಭೆಯನ್ನು ನಾಲ್ಕರವರೆಗೆ ಎಳೆದ. ಕೊನೆಗೆ ಎಲ್ಲರೂ ಕೈ ಎತ್ತಿದರು, ಬೇಕರಿಯವನು ಎರಡೂ ಕೈ ಎತ್ತಿದ. ನಾಳೆಯಿಂದಲೇ ಇನ್ನೊಂದು ಗಂಟೆ! ಟೈಲರ್‌ಗೆ ಅಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಲ್ಲ.

ಮೊಣಕಾಲು ಬಿಡಿಸಿಕೊಳ್ಳುತ್ತಾ ಅವನು ಕೇಳಿದ, "ಮೇಡಂ, ಸಭೆ ಮುಗಿಯೋವರೆಗೂ ಇಲ್ಲೇ ಕಾಯ್ತಿರಿ ಅಂತ ನನ್ನ ಮಕ್ಕಳಿಗೆ ಹೇಳಿದ್ದೆ, ಜೊತೆಗೇ ಕರ್ಕೊಂಡು ಹೋಗ್ತೀನಿ. ಎಲ್ಲಿದ್ದಾರೆ?"

"ನೀವು ಕೂತಿರೋದು ಅವರ ಬೆಂಚಲ್ಲೇ ಅಲ್ವಾ?" ಎಂದರು ಹೆಡ್‌ಮೇಡಂ. "ನಿಮಗೆಲ್ಲ ಕೂರೋಕೆ ಜಾಗ ಬೇಕಲ್ಲ. ಅದಕ್ಕೇ ಮಕ್ಕಳನ್ನ ಹನ್ನೆರಡಕ್ಕೇ ಬಿಟ್ಟುಬಿಟ್ವಿ."

ಇಷ್ಟು ಹೊತ್ತು ಬೆಂಚು ಖಾಲಿ ಹೇಗಾಯಿತೆಂದು ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಟೈಲರ್ ಎದ್ದುಬಿದ್ದು ಓಡಿದ.

ಅಂಗಡಿಯಿಂದ ಒಂದು ಸದ್ದೂ ಇಲ್ಲ. ಅದೇ ಅವನನ್ನು ಹೆದರಿಸಿತು. ಒಳಗೆ ಇಡೀ ಬೀದಿಯ ಮಕ್ಕಳು ಸಾಲಾಗಿ, ಕೈಕಟ್ಟಿ ಕುಳಿತಿದ್ದರು. ಮೇಜಿನ ಮೇಲೆ ಮೇಷ್ಟ್ರಾಗಿ ನಿಂತಿದ್ದ ಒಬ್ಬ ಮಗನ ಮೈಮೇಲೆ ಮದುಮಗನ ಕೋಟು, ಅವನ ಅಳತೆಗೆ ಸರಿಯಾಗಿ ಕತ್ತರಿಸಿದ್ದು. ಅದರ ತೋಳೊಂದು ಇನ್ನೊಬ್ಬನ ತಲೆಗೆ ಟೋಪಿಯಾಗಿತ್ತು.

ಹಿಂದಿನಿಂದ ಪೈಲ್ವಾನ ಗಂಟಲು ಸರಿಮಾಡಿಕೊಂಡ. "ಕೋಟು ರೆಡಿನಾ?"

ಮಗ ಅಳತೆಕೋಲಿನಿಂದ ಮೇಜು ಕುಟ್ಟಿದ. "ಅಪ್ಪಾ, ಇಬ್ರೂ ಹೊರಗೆ ನಿಂತ್ಕೊಳ್ಳಿ. ಸ್ಕೂಲು ಇನ್ನೂ ಬಿಟ್ಟಿಲ್ಲ. ನೀನು ಹೇಳ್ದಂಗೇ ಇವತ್ತು ಒಂದು ಗಂಟೆ ಜಾಸ್ತಿ ಮಾಡಿದ್ದೀವಿ."